ಬೂದು ಚೌಕದ ಅಂಬಿಗಜ್ಜ

ಲೈಸೆನ್ಸಕ್ಕ ಎಂದರೆ ಆ ವಲಯದಲ್ಲಿ ಗೊತ್ತಿಲ್ಲದವರಿಲ್ಲ. ವಲಯ ಎಂದರೆ ಮಹಾ ದೊಡ್ಡದೇನಲ್ಲ ಬಿಡಿ. ಮೇಜಿನ ಸುತ್ತ ಕೂತು ಕಥೆಯಾಡುವವರು, ಅದಕ್ಕೆಂದು ಪುಸ್ತಕ ಬರೆಯುವವರು, ಬರೆದದ್ದನ್ನು ಕೈಯಾರೆ ಅಚ್ಚು ಹಾಕಿಸಿ ಮಂಚದ ಕೆಳಗೆ ಪೇರಿಸಿಟ್ಟು ಮನೆಯವರಿಂದ ಬೈಸಿಕೊಳ್ಳುವವರು, ಇಷ್ಟೇ ಜನ. ಅವರಲ್ಲಿ ಅರ್ಧಕ್ಕರ್ಧ ಮಂದಿ ಆಕೆಯನ್ನು ಕಣ್ಣಲ್ಲಿ ಕಂಡವರಲ್ಲ, ಫೋನಿನಲ್ಲಿ ದನಿ ಕೇಳಿದವರು. ಆ ದನಿ "ನಿಮ್ಮ ಪುಸ್ತಕ ನೋಡಿದೆ, ಚೆನ್ನಾಗಿದೆ" ಎಂದು ಶುರುವಾಯಿತೋ, ಕೇಳುವವರು ಪೆನ್ನು ಕಾಗದ ಹುಡುಕತೊಡಗುತ್ತಿದ್ದರು. ಹಿಂದೆಯೇ ಒಂದು "ಆದರೆ" ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆಟ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ; ಉಳಿದವರು ಒಬ್ಬ ಕಳ್ಳ, ಒಬ್ಬ ವೈದ್ಯೆ, ಒಬ್ಬ ಬೇಟೆಗಾರ ಹೀಗೆ ಒಂದೊಂದು ಪಾತ್ರವಾಗುತ್ತಾರೆ. ಎದುರಿಗೆ ಹೊಳೆ ಬಂತು, ಏನು ಮಾಡುತ್ತೀರಿ ಎಂದು ನಡೆಸುವವರು ಕೇಳುತ್ತಾರೆ. ಈಜುತ್ತೇವೆ ಅಂದರೆ ದಾಳ ಉರುಳಿಸಬೇಕು. ಎಷ್ಟು ಬಿದ್ದರೆ ದಡ, ಎಷ್ಟು ಬಿದ್ದರೆ ಮುಳುಗಡೆ ಎನ್ನುವುದಕ್ಕೆ ನಿಯಮ ಬೇಕಲ್ಲ, ಆ ನಿಯಮಗಳ ಪುಸ್ತಕ ಬರೆದವನು ಲೈಸೆನ್ಸಕ್ಕನ ಗಂಡ. ಅದನ್ನು ಪ್ರಕಟಿಸಿದವರು ಗಂಡನ ಅಣ್ಣ, ಆಕೆಗೆ ಭಾವ. ಕಂಪ್ಯೂಟರಿನಲ್ಲಿ ಪುಟ ಕಟ್ಟಿದವಳು ಆಕೆ.

ಗಂಡನಿಗೆ ಒಂದು ಹಟ. "ದಾಳ ಉರುಳಿಸೋದು ಯಾರಪ್ಪನ ಮನೆ ಗಂಟು? ನನ್ನ ನಿಯಮ ಇಟ್ಕೊಂಡು ಯಾರು ಬೇಕಾದ್ರೂ ತಮ್ಮ ಕಥೆ ಬರೀಲಿ, ಮಾರಲಿ" ಎನ್ನುತ್ತಿದ್ದ. ಭಾವನದು ಇನ್ನೊಂದು ಹಟ. "ಎಲ್ಲಾ ಕೊಟ್ಟು ಕೈ ತೊಳ್ಕೊಂಡ್ರೆ ನಾವೇನು ಗಾಳಿ ಕುಡಿದು ಬದುಕೋಣವಾ?" ಅಣ್ಣತಮ್ಮಂದಿರು ತಿಂಗಳುಗಟ್ಟಲೆ ಜಗ್ಗಾಡಿ ಕೊನೆಗೆ ರಾಜಿಯಾದದ್ದು ಹೀಗೆ: ನಿಯಮಗಳನ್ನೆಲ್ಲ ಬೂದು ಬಣ್ಣದ ಚೌಕದೊಳಗೆ ಅಚ್ಚು ಹಾಕುವುದು, ಊರು, ಜನ, ಕಥೆಗಳನ್ನು ಬಿಳಿ ಕಾಗದದ ಮೇಲೆ. ಬೂದಿನಲ್ಲಿರುವುದು ಎಲ್ಲರದು, ಬಿಳಿಯಲ್ಲಿರುವುದು ನಮ್ಮದು. ಬೂದಿನಿಂದ ತೆಗೆದುಕೊಂಡವರು ಯಾರಿಂದ ತೆಗೆದುಕೊಂಡೆವು ಎಂದು ಹೇಳಬೇಕು, ಪುಸ್ತಕದ ಕೊನೆಗೆ ಈ ಕರಾರುಗಳಿರುವ ಲೈಸೆನ್ಸ್ ಪುಟವನ್ನು ಒಂದಕ್ಷರ ಬದಲಿಸದೆ ಹಾಕಬೇಕು, ತಾವು ಹೊಸದಾಗಿ ಬರೆದ ನಿಯಮಗಳನ್ನೂ ಬೂದು ಮಾಡಿ ಎಲ್ಲರಿಗೂ ಬಿಡಬೇಕು. ತಪ್ಪಿದರೆ ನೋಟಿಸು, ತಿದ್ದಿಕೊಳ್ಳಲು ಒಂದು ತಿಂಗಳ ಗಡುವು. ತಿದ್ದದಿದ್ದರೆ ಆ ನಿಯಮಗಳನ್ನು ಬಳಸುವ ಹಕ್ಕೇ ಹೋಗುತ್ತದೆ, ಇದ್ದಬದ್ದ ಪುಸ್ತಕಗಳನ್ನೆಲ್ಲ ವಾಪಸು ತೆಗೆದುಕೊಳ್ಳಬೇಕು. ಇನ್ನೊಂದು ಮಾತೂ ಅದರಲ್ಲಿತ್ತು: ಬೂದಿನಲ್ಲಿ ಒಮ್ಮೆ ಕೊಟ್ಟದ್ದನ್ನು ನಾವೂ ವಾಪಸು ಕೇಳುವ ಹಾಗಿಲ್ಲ.

ಗಂಡ ತೀರಿಹೋದ ಮೇಲೆ ಇದನ್ನೆಲ್ಲ ಕಾಯುವ ಕೆಲಸ ಆಕೆಯ ತಲೆಗೆ ಬಂತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯೇ ಪ್ರಕಾಶನ. ಮೆಟ್ಟಿಲ ತುಂಬ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ. ಮುಂದಿನ ಕೋಣೆಯಲ್ಲಿ ಭಾವನ ಕುರ್ಚಿ, ಪುಸ್ತಕದ ಕಟ್ಟುಗಳು, ಮತ್ತೆ ಹಿಂದೆ ಆಟ ಆಡಿ ನೋಡುತ್ತಿದ್ದ ಉದ್ದನೆಯ ಮೇಜು. ಅದರ ಒಂದು ಕಾಲು ಗಿಡ್ಡ. ರಟ್ಟು ಮಡಚಿ ಒತ್ತು ಕೊಟ್ಟಿದ್ದರೂ ದಾಳ ಒಂದೇ ಮೂಲೆಗೆ ಉರುಳುತ್ತಿತ್ತು. ಒಳಕೋಣೆಯಲ್ಲಿ ಆಕೆ, ಆಕೆಯ ಕಂಪ್ಯೂಟರು, ನಿಯಮ ಪುಸ್ತಕದ ಮೊದಲ ಮುದ್ರಣದ ಒಂದು ಪ್ರತಿ. ಓದಿ ಓದಿ ಅದರ ಮೂಲೆಗಳೆಲ್ಲ ಬಟ್ಟೆಯಷ್ಟು ಮೆತ್ತಗಾಗಿದ್ದವು.

ಕೆಲಸದಲ್ಲಿ ಆಕೆ ಮಹಾ ಬಿಗಿ. ಹಾಗಂತ ಏಕಾಏಕಿ ನೋಟಿಸು ಕಳಿಸುವ ಪೈಕಿಯವಳಲ್ಲ. ಮೊದಲು ಫೋನು. ಲೈಸೆನ್ಸ್ ಪುಟವನ್ನು ಇರುವೆಕಾಲಿನಂಥ ಅಕ್ಷರದಲ್ಲಿ ಹಾಕಿದ್ದ ಒಬ್ಬ ಮಹಾಶಯನಿಗೆ, "ನಿಮ್ಮ ಕೊನೇ ಪುಟ ಓದೋಕೆ ಅಂತ ಭೂತಗನ್ನಡಿ ತರಿಸ್ಕೊಂಡೆ. ನಿಮ್ಮ ಓದುಗರಿಗೂ ಒಂದೊಂದು ನೀವೇ ಹಂಚ್ತೀರೋ ಹೇಗೆ?" ಎಂದು ಕೇಳಿದ್ದಳು. ಇನ್ನೊಬ್ಬರು ನಿವೃತ್ತ ಹೆಡ್‌ಮಾಸ್ಟರು. ಲೈಸೆನ್ಸಿನ ವಾಕ್ಯಗಳು ಸರಿಯಿಲ್ಲವೆಂದು ತಾವೇ ತಿದ್ದಿ ಹಾಕಿದ್ದರು, ಪುಣ್ಯಾತ್ಮರು. ಅವರಿಗೆ ವಿವರಿಸಿ ಹೇಳುವಷ್ಟರಲ್ಲಿ ಆಕೆಗೆ ಸಾಕುಸಾಕಾಯಿತು.

ಔಷಧಿ ಅಂಗಡಿ ನಡೆಸುವ ಒಬ್ಬ ಹೆಂಗಸಿನ ಪುಸ್ತಕದಲ್ಲಿ ಲೈಸೆನ್ಸ್ ಪುಟವೇ ಬಿಟ್ಟುಹೋಗಿತ್ತು. "ಪ್ರೆಸ್ಸಿನವರ ತಪ್ಪು ಅಕ್ಕ, ನಾನು ಕೊಟ್ಟಿದ್ದೆ, ಆಣೆ ಮಾಡ್ತೀನಿ" ಎಂದು ಆಕೆ ಅತ್ತೇಬಿಟ್ಟಳು. ಲೈಸೆನ್ಸಕ್ಕ ಕರಗಲಿಲ್ಲ. "ಪ್ರೆಸ್ಸಿನವರದೇ ತಪ್ಪು ಇರಬಹುದಮ್ಮ. ಆದರೆ ಓದೋರ ಕೈಗೆ ಹೋಗೋದು ಪ್ರೆಸ್ಸಲ್ಲ, ಪುಸ್ತಕ. ಪುಟದಲ್ಲಿ ಏನಿದೆಯೋ ಅದೇ ಮಾತು." ಆ ಹೆಂಗಸು, ಗಂಡ, ಅತ್ತೆ ಮೂವರೂ ಕೂತು ಪ್ರತಿಯೊಂದು ಪ್ರತಿಗೂ ಆ ಪುಟವನ್ನು ಅಂಟಿಸಿದರು. ಅತ್ತೆಗೆ ಕಣ್ಣು ಅಷ್ಟಕ್ಕಷ್ಟೆ. ಕೆಲವನ್ನು ತಲೆಕೆಳಗಾಗಿ ಅಂಟಿಸಿಬಿಟ್ಟಿದ್ದರು. ಅಂಥದೇ ಒಂದು ಪ್ರತಿ ಲೈಸೆನ್ಸಕ್ಕನ ಪಾಲಿಗೆ ಬಂದಿತ್ತು. ತಲೆಕೆಳಗಾದರೂ ಪುಟ ಪುಟವೇ ಎಂದು ಆಕೆ ಒಪ್ಪಿಕೊಂಡು ಕಪಾಟಿನಲ್ಲಿಟ್ಟಳು.

ಇಷ್ಟೆಲ್ಲ ಮಾಡುವ ಲೈಸೆನ್ಸಕ್ಕ ಒಂದೇ ಒಂದು ದಿನ ಆ ಆಟ ಆಡಿದವಳಲ್ಲ. ಗಂಡ ಇದ್ದಾಗ ಪ್ರತಿ ವಾರ ಮುಂದಿನ ಕೋಣೆಯಲ್ಲಿ ಜನ ಸೇರುತ್ತಿದ್ದರು. "ಒಂದು ಕುರ್ಚಿ ಖಾಲಿ ಇದೆ, ಬಾರೇ" ಎಂದು ಆತ ಕರೆಯುತ್ತಿದ್ದ. "ನನಗೆ ಕೆಲಸ ಇದೆ" ಎಂದು ಈಕೆ ಒಳಗೆ ಪುಟ ಕಟ್ಟುತ್ತಾ ಕೂರುತ್ತಿದ್ದಳು. ಕೆಲಸ ಇದ್ದದ್ದೂ ನಿಜ, ಕಿವಿ ಹೊರಗೇ ಇದ್ದದ್ದೂ ನಿಜ.

ಆಕೆ ಕಾಯುತ್ತಿದ್ದದ್ದು ಅಂಬಿಗಜ್ಜನಿಗಾಗಿ. ಗಂಡ ಬರೆದ ಪಾತ್ರಗಳಲ್ಲಿ ಅವನೊಬ್ಬ. ದೋಣಿ ದಾಟಿಸುತ್ತಾನೆ, ಕಾಸು ಮುಟ್ಟುವುದಿಲ್ಲ. ಬದಲಿಗೆ ದಾಟುವವರು ತಮ್ಮ ಸಾಮಾನಿನಲ್ಲಿ ಒಂದನ್ನು ಈಚೆ ದಡದಲ್ಲೇ ಬಿಟ್ಟು ಹತ್ತಬೇಕು. ಆಡುವವರು ತಮ್ಮ ಹಾಳೆಯಲ್ಲಿ ಬರೆದುಕೊಂಡದ್ದನ್ನು ಒಂದು ಗೆರೆ ಎಳೆದು ಹೊಡೆದು ಹಾಕಬೇಕು. ಹಗ್ಗವೋ, ಚಾಕುವೋ, ತಾಯಿ ಕೊಟ್ಟ ಕಂಬಳಿಯೋ. ಗಂಡ ಟವೆಲನ್ನು ತಲೆಗೆ ಸುತ್ತಿಕೊಂಡು, ದನಿಯನ್ನು ಗೊಗ್ಗರು ಮಾಡಿಕೊಂಡು, "ಏನು ಬಿಟ್ಟು ಬರ್ತೀರಿ? ಬೇಗ ಹೇಳಿ, ಹೊಳೆ ನಿಮ್ಮ ಸಲುವಾಗಿ ನಿಂತ್ಕೊಳಲ್ಲ" ಎಂದು ಗದರುತ್ತಿದ್ದ. ಮೇಜಿನ ಸುತ್ತ ಎಲ್ಲರೂ ನಗುತ್ತಿದ್ದರು. ಒಳಗೆ ಈಕೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆತ ಹೋದ ಮೇಲೆ ನೋಡಿದರೆ ಆ ದನಿ ಎಲ್ಲೂ ರೆಕಾರ್ಡಾಗಿರಲಿಲ್ಲ. ಉಳಿದದ್ದು ಪುಸ್ತಕದ ಆ ಅರ್ಧ ಪುಟ. ಅದನ್ನು ಓದಿದಾಗ ಮಾತ್ರ ಆಕೆಯ ಕಿವಿಗೆ ಗಂಡನ ದನಿ ಕೇಳುತ್ತಿತ್ತು, ಹಾಗಾಗಿ ಅದರ ಮೇಲೆ ಬೇರೆಯವರ ನೆರಳು ಬೀಳುವುದೂ ಆಕೆಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಭಾವ ತೆಳ್ಳನೆಯ ಪುಸ್ತಕವೊಂದನ್ನು ತಂದು ಆಕೆಯ ಮೇಜಿನ ಮೇಲೆ ಕುಕ್ಕಿದರು. "ಓದು. ಯಾರೋ ಲಿಫ್ಟ್ ಮೆಕ್ಯಾನಿಕ್ಕಂತೆ. ನನ್ನ ತಮ್ಮನ ಮುದುಕನ್ನ ಎತ್ಕೊಂಡು ಹೋಗಿದಾನೆ."

ಆಕೆ ಓದಿದಳು. ಲೈಸೆನ್ಸ್ ಪುಟ ಸರಿಯಾಗಿತ್ತು, ಯಾರಿಂದ ತೆಗೆದುಕೊಂಡದ್ದೆಂದು ಅಚ್ಚುಕಟ್ಟಾಗಿ ಹೇಳಿತ್ತು, ಬೂದು ಚೌಕಗಳೂ ನೆಟ್ಟಗಿದ್ದವು. ಆದರೆ ನಡುವೆ ಅಂಬಿಗಜ್ಜ ಕೂತಿದ್ದ. ಅದೇ ದೋಣಿ, ಅದೇ ಕರಾರು, ಅದೇ ಮಾತು. ಸಾಲದ್ದಕ್ಕೆ ಮೆಕ್ಯಾನಿಕ್ಕು ಅವನಿಗೊಂದು ಗುಡಿಸಲು ಕಟ್ಟಿಕೊಟ್ಟಿದ್ದ. ಜನ ಬಿಟ್ಟುಹೋದ ಸಾಮಾನನ್ನೆಲ್ಲ ಅಜ್ಜ ಆ ಗುಡಿಸಲಲ್ಲಿ ಜೋಡಿಸಿಡುತ್ತಾನಂತೆ, ಯಾರಾದರೂ ಅದೇ ದಾರಿಯಲ್ಲಿ ವಾಪಸು ಬಂದರೆ ಅವರದನ್ನು ಅವರಿಗೆ ಕೊಡುತ್ತಾನಂತೆ. ಆಕೆಗೆ ಮೈಯೆಲ್ಲ ಉರಿಯಿತು. ನನ್ನ ಗಂಡ ಗುಡಿಸಲು ಬರೆದಿರಲಿಲ್ಲ, ಇವನ್ಯಾರು ಕಟ್ಟೋಕೆ ಎಂದುಕೊಂಡಳು. ಅವತ್ತು ಫೋನು ಗೀನು ಏನಿಲ್ಲ, ನೇರ ನೋಟಿಸು ಹೋಯಿತು.

ವಾರದೊಳಗೆ ಮೆಕ್ಯಾನಿಕ್ಕು ತಾನೇ ಮೆಟ್ಟಿಲು ಹತ್ತಿ ಬಂದ. ಮೂವತ್ತೈದರ ಆಸುಪಾಸಿನವನು, ಉಗುರಿನ ಸಂದಿನಲ್ಲಿ ಗ್ರೀಸು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಭಾವ ಹೊರಗೆ ಹೋಗಿದ್ದರು. ಕೂರಿ ಎಂದರೂ ಅವನು ಕೂರಲಿಲ್ಲ.

"ಮೇಡಂ, ತಪ್ಪಾಗಿದ್ರೆ ಆ ಪುಟ ಹರಿದು ಹಾಕ್ತೀನಿ. ಜಗಳ ಆಡೋಕೆ ಬಂದಿಲ್ಲ. ಎಲ್ಲಿ ತಪ್ಪಿದೆ ಅಂತ ತೋರಿಸಿಬಿಡಿ, ಸಾಕು. ಎರಡು ವರ್ಷ ಕೂತು ಬರೆದಿದೀನಿ, ನಿಮ್ಮ ಚೌಕ ಒಂದೊಂದನ್ನೂ ನೋಡ್ಕೊಂಡೇ ಬರೆದಿದೀನಿ."

"ಅಂಬಿಗಜ್ಜ ಬಿಳಿಯಲ್ಲಿದಾನೆ. ಬಿಳಿಯಲ್ಲಿರೋದು ನಮ್ಮದು" ಎಂದು ಆಕೆ ತನ್ನ ಪ್ರತಿಯ ಆ ಪುಟ ತೆಗೆದು ಮುಂದಿಟ್ಟಳು. ಮೇಲಿನರ್ಧ ಹೊಳೆ ದಾಟುವ ನಿಯಮ, ಬೂದು. ಕೆಳಗಿನರ್ಧ ಅಜ್ಜ, ಬಿಳಿ.

ಅವನು ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿದ. ಕವರಿನಿಂದ ತನ್ನ ಪ್ರತಿಯನ್ನು ತೆಗೆದು ಅದೇ ಪುಟ ಬಿಡಿಸಿ ಪಕ್ಕದಲ್ಲಿಟ್ಟ. ಮೇಲಿನಿಂದ ಕೆಳಗಿನವರೆಗೆ ಇಡೀ ಪುಟ ಬೂದು. ಅಜ್ಜ, ದೋಣಿ, ಕರಾರು, ಗದರಿಕೆ ಎಲ್ಲವೂ ಬೂದಿನೊಳಗೆ.

ಆಕೆ ಎರಡೂ ಪುಟಗಳ ಮೇಲೆ ಬೆರಳಾಡಿಸಿ ನೋಡಿದಳು. "ನನ್ನದು ಎರಡನೇ ಮುದ್ರಣ ಮೇಡಂ. ನಂಗೆ ಗೊತ್ತಿರೋರ ಹತ್ತಿರ ಇರೋದೆಲ್ಲ ಇದೇ" ಎಂದು ಅವನು ಮೆಲ್ಲಗೆ ಹೇಳಿದ.

ಆಕೆ ಅವನ ಪ್ರತಿಯ ಮೊದಲ ಪುಟ ತಿರುವಿ ಮುದ್ರಣದ ವಿವರ ನೋಡಿದಳು. ಎರಡನೇ ಮುದ್ರಣ ಅಚ್ಚಾದದ್ದು ಗಂಡ ಆಸ್ಪತ್ರೆಯಲ್ಲಿದ್ದಾಗ. ಕಟ್ಟುಗಳು ಬಂದಿಳಿದದ್ದು ಆತ ಹೋದ ವಾರ. ಯಾರು ಬಿಡಿಸಿ ನೋಡುತ್ತಾರೆ? ಆಮೇಲೂ ಆಕೆ ನೋಡಿರಲಿಲ್ಲ. ಆಕೆಗೆ ಬೇಕಾದದ್ದು ಗಂಡ ಪೆನ್ಸಿಲಿನಲ್ಲಿ ಅಲ್ಲಲ್ಲಿ ಗುರುತು ಹಾಕಿದ್ದ ಆ ಮೊದಲ ಪ್ರತಿ. ಇಡೀ ವಲಯವೇ ಒಂದು ಪುಸ್ತಕ ಓದುತ್ತಿದ್ದರೆ, ಈ ಮಹಾತಾಯಿ ಯಾರ ಕೈಯಲ್ಲೂ ಇಲ್ಲದ ಇನ್ನೊಂದು ಪುಸ್ತಕ ಹಿಡಿದುಕೊಂಡು ಎಲ್ಲರಿಗೂ ತಾಕೀತು ಮಾಡುತ್ತಾ ಬಂದಿದ್ದಳು.

"ನೀವು ಹೊರಡಿ. ಪುಟ ಹರಿಯಬೇಡಿ. ನಾನೇ ಹೇಳಿಕಳಿಸ್ತೀನಿ" ಎಂದಳು. ಅವನು ಹೋದ ಮೇಲೆ ಪ್ರೆಸ್ಸಿಗೆ ಫೋನು ಮಾಡಿದಳು. ಪ್ರೆಸ್ಸಿನ ಮಾಲೀಕ ಹಳೆಯ ಮನುಷ್ಯ, ಒಂದಿಷ್ಟು ಯೋಚಿಸಿ ನೆನಪು ಮಾಡಿಕೊಂಡ. "ಹೌದಮ್ಮ, ಆ ಪುಟದಲ್ಲಿ ಬೂದು ಅರ್ಧಕ್ಕೆ ನಿಂತಲ್ಲಿ ಕಲೆ ಕಲೆಯಾಗಿ ಬರ್ತಿತ್ತು. ನೋಡೋಕೆ ಅಸಹ್ಯ. ಕೇಳೋಣ ಅಂತ ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ, ನೀವೆಲ್ಲ ಆಸ್ಪತ್ರೇಲಿ. ಪೂರ್ತಿ ಪುಟಕ್ಕೆ ಎಳೆದುಬಿಟ್ವಿ. ಯಾಕೆ, ಚೆನ್ನಾಗಿ ಬಂದಿಲ್ವಾ?"

"ಚೆನ್ನಾಗೇ ಬಂದಿದೆ" ಎಂದು ಆಕೆ ಫೋನಿಟ್ಟಳು. ಗಂಡನೇ ಹೇಳಿ ಮಾಡಿಸಿದ್ದನೇನೋ, ಹೋಗುವ ಮುಂಚೆ ಅಜ್ಜನನ್ನೂ ಎಲ್ಲರಿಗೂ ಕೊಟ್ಟುಬಿಡೋಣ ಅಂದುಕೊಂಡಿದ್ದನೇನೋ ಎಂಬ ಆಸೆ ಒಂದು ಗಳಿಗೆ ಇತ್ತು. ಅದೂ ಇಲ್ಲ. ಯಾರೂ ಕೊಟ್ಟಿರಲಿಲ್ಲ. ಶಾಯಿ ಕಲೆಯಾಗುತ್ತೆ ಅಂತ ಹೋಗಿತ್ತು, ಅಷ್ಟೆ.

ಭಾವ ಬಂದು ಎಲ್ಲ ಕೇಳಿ ಗಲ್ಲ ಕೆರೆದುಕೊಂಡರು. "ಪ್ರೆಸ್ಸಿನವನ ತಪ್ಪು ತಾನೆ? ಮುಗೀತು. ಮುಂದಿನ ಮುದ್ರಣದಲ್ಲಿ ಬಿಳಿ ಮಾಡೋಣ. ಇವನಿಗೆ ಇನ್ನೊಂದು ನೋಟಿಸ್ ಬರಿ, ಸ್ವಲ್ಪ ಖಾರವಾಗಿ. ಲಿಫ್ಟ್ ರಿಪೇರಿ ಮಾಡೋನು, ಲಾಯರ್ ಮನೆ ಬಾಗಿಲು ತಟ್ತಾನಾ? ಹೆದರಿ ಸುಮ್ಮನಾಗ್ತಾನೆ."

"ಆಯ್ತು ಭಾವ" ಎಂದಳು. ಸುಳ್ಳೇಕೆ, ಆಕೆಗೂ ಅದೇ ಬೇಕಿತ್ತು. ಹೆದರಿಸಿದರೆ ಅಜ್ಜ ಮನೆಗೆ ಬರುತ್ತಾನೆ, ದನಿ ಮತ್ತೆ ತನ್ನೊಬ್ಬಳದೇ ಆಗುತ್ತದೆ.

ಮಧ್ಯಾಹ್ನ ಬರೆಯಲು ಕೂತಳು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. "ಎರಡನೇ ಮುದ್ರಣದಲ್ಲಿ ಮುದ್ರಣಾಲಯದ ತಪ್ಪಿನಿಂದಾಗಿ" ಎಂದು ಟೈಪು ಮಾಡಿದಳು. ಮುಂದಕ್ಕೆ ಕೈ ಓಡಲಿಲ್ಲ. ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು. ಎದ್ದು ಹೋಗಿ ಕಪಾಟಿನಿಂದ ಔಷಧಿ ಅಂಗಡಿಯವಳ ಪುಸ್ತಕ ತೆಗೆದು ಕೊನೆಯ ಪುಟ ಬಿಡಿಸಿದಳು. ತಲೆಕೆಳಗಾಗಿ ಅಂಟಿಸಿದ ಲೈಸೆನ್ಸು, ಅಂಚಿನಲ್ಲಿ ಗೋಂದಿನ ಬೆರಳಚ್ಚು. ಕಣ್ಣು ಕಾಣದ ಆ ಮುದುಕಿಯೂ ಕೂತು ಅಂಟಿಸುವ ಹಾಗೆ ಮಾಡಿದ್ದೆಯಲ್ಲೇ, ಈಗ ನಿನ್ನ ಸರದಿ ಬಂದರೆ ಪ್ರೆಸ್ಸಿನವನ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತೀಯಾ ಎಂದು ಆಕೆಗೆ ತನ್ನ ಮೇಲೆಯೇ ಅಸಹ್ಯವಾಯಿತು. ಟೈಪು ಮಾಡಿದ್ದನ್ನು ಅಳಿಸಿದಳು. ಆಮೇಲೆ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತಳು, ಗಂಡ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಮುಖ ತೊಳೆದುಕೊಂಡು ಮುಂದಿನ ಕೋಣೆಗೆ ಹೋಗಿ, ನೋಟಿಸು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಭಾವನಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಆಕೆಯನ್ನೇ ನೋಡಿದರು.

"ನಾನಾದ್ರೆ ವ್ಯಾಪಾರದವನು, ಬಿಡು. ನೀನೇ ಅಜ್ಜನ್ನ ಬಿಟ್ಟುಕೊಡ್ತೀಯಾ?"

"ಬಿಟ್ಟುಕೊಟ್ಟಾಗಿದೆ ಭಾವ. ನಮಗೆ ಗೊತ್ತಾಗಿದ್ದು ಈಗ. ಆ ಹುಡುಗ ಪುಟದಲ್ಲಿದ್ದದ್ದನ್ನ ನಂಬಿ ಬರೆದಿದಾನೆ. ನಾನು ಎಲ್ಲರಿಗೂ ಹೇಳಿರೋದು ಅದನ್ನೇ."

ಭಾವ ಕನ್ನಡಕವನ್ನು ಮೇಜಿನ ಮೇಲಿಟ್ಟರು. ಕಿಟಕಿಯ ಕಡೆ ತಿರುಗಿ ಕೂತರು. ತಮ್ಮನೆಂದರೆ ಅವರಿಗೂ ಪ್ರಾಣವೇ. ಹೇಳಿಕೊಳ್ಳುವ ಜಾತಿಯ ಮನುಷ್ಯರಲ್ಲ, ಅಷ್ಟೇ. ಆಮೇಲೆ ಅತ್ತಲೇ ಮುಖ ಮಾಡಿಕೊಂಡು, "ಆ ಗುಡಿಸಲನ್ನ ಅವನು ಬೂದು ಮಾಡಿದಾನಾ?" ಎಂದು ಕೇಳಿದರು.

"ಮಾಡಿದಾನೆ. ನಿಯಮ ಅಲ್ವಾ."

"ಹಾಗಾದ್ರೆ ನಾವೂ ಹಾಕ್ಕೋಬಹುದು. ಮೂರನೇ ಮುದ್ರಣದಲ್ಲಿ ಹಾಕು. ಅವನ ಹೆಸರು ಮರೀಬೇಡ, ಆಮೇಲೆ ಅವನು ನಮಗೆ ನೋಟಿಸ್ ಕೊಟ್ಟಾನು" ಎಂದರು. ಭಾವ ಇಂಥ ಮಾತನ್ನೂ ಮುಖ ಗಂಟಿಕ್ಕಿಕೊಂಡೇ ಹೇಳುವವರು.

ಆಕೆ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು. "ನಿಮ್ಮ ಪುಸ್ತಕ ನೋಡಿದೆ, ಚೆನ್ನಾಗಿದೆ."

ಆ ಕಡೆ ಸ್ಪ್ಯಾನರು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅವನೇ, "ಆದರೆ?" ಎಂದ.

"ಆದರೆ ಇಲ್ಲ. ತಪ್ಪು ನಮ್ಮದು. ನೋಟಿಸ್ ವಾಪಸ್ ತಗೊಂಡಿದೀನಿ, ಬರೆದೂ ಕಳಿಸ್ತೀನಿ. ನಿಮ್ಮನ್ನ ಸುಮ್ಮನೆ ಹೆದರಿಸಿದೆ, ಮನಸ್ಸಿಗೆ ಹಚ್ಕೋಬೇಡಿ." ಹಾಗೆಯೇ ಕೇಳಿದಳು: "ಆ ಗುಡಿಸಲು ನಿಮಗೆ ಎಲ್ಲಿಂದ ಹೊಳೀತು?"

ಅವನು ನಕ್ಕ. "ಜನ ಲಿಫ್ಟಲ್ಲಿ ಏನೇನೋ ಬಿಟ್ಟು ಹೋಗ್ತಾರೆ ಅಕ್ಕ. ಛತ್ರಿ, ಕನ್ನಡಕ, ಮಗುವಿನ ಒಂಟಿ ಬೂಟು. ಬಿಸಾಕೋಕೆ ಮನಸ್ಸು ಬರಲ್ಲ. ಮೇಲೆ ಮೋಟರ್ ರೂಮಲ್ಲಿ ಹಲಗೆ ಹೊಡೆದು ಜೋಡಿಸಿಟ್ಟಿದೀನಿ. ಒಂದೊಂದ್ಸಲ ಕೇಳ್ಕೊಂಡು ಬರ್ತಾರೆ. ಅಂಬಿಗಜ್ಜನ್ನ ಓದಿದಾಗ ಅನ್ನಿಸ್ತು, ಇವನೂ ಎಲ್ಲಾ ಬಿಡಿಸ್ಕೋತಾನಲ್ಲ, ಅದೆಲ್ಲ ಎಲ್ಲಿ ಹೋಗುತ್ತೆ ಅಂತ." ಆಮೇಲೆ, "ಭಾನುವಾರ ನಮ್ಮನೇಲಿ ಆಡ್ತೀವಿ. ಒಂದು ಕುರ್ಚಿ ಖಾಲಿ ಇದೆ, ಬನ್ನಿ ಅಕ್ಕ" ಎಂದ.

"ನನಗೆ ಕೆಲಸ" ಎನ್ನುವಷ್ಟಕ್ಕೆ ಆಕೆಯ ನಾಲಿಗೆ ತಡೆಯಿತು. "ಎಷ್ಟು ಹೊತ್ತಿಗೆ ಬರಲಿ?" ಎಂದಳು.

ಮೆಕ್ಯಾನಿಕ್ಕಿನ ಮನೆ ಮೂರನೇ ಮಹಡಿಯಲ್ಲಿತ್ತು. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಆಕೆಗೆ ನಗು ಬಂತು. ಅಡುಗೆಮನೆಯ ಮೇಜಿನ ಸುತ್ತ ಅವನ ಹೆಂಡತಿ, ಪಕ್ಕದ ಮನೆಯ ಕ್ಷೌರಿಕ, ಜೊತೆಗೆ ಈಕೆ. ಕಥೆ ನಡೆಸುವವನು ಮೆಕ್ಯಾನಿಕ್ಕು. ಹೆಂಡತಿ ಹಾಳೆ, ಪೆನ್ಸಿಲು ಕೊಟ್ಟು ಹೇಗೆ ಬರೆಯಬೇಕೆಂದು ತೋರಿಸಿದಳು. ಈಕೆ ವೈದ್ಯೆಯಾದಳು. ಸಾಮಾನಿನಲ್ಲಿ ಹಗ್ಗ, ರೊಟ್ಟಿ, ಚಾಕು, ಲಾಟೀನು ಎಂದು ಬರೆದುಕೊಂಡಳು. ರಾತ್ರಿ ರೋಗಿಗಳ ಮನೆಗೆ ಹೋಗುವವಳಿಗೆ ಲಾಟೀನು ಬೇಕೇಬೇಕಲ್ಲ.

ಆಟ ನಡೆಯಿತು. ಒಂದು ಗಂಟೆ ಕಳೆಯುವ ಹೊತ್ತಿಗೆ ಹೊಳೆ ಬಂತು. ಮೆಕ್ಯಾನಿಕ್ಕು ಬೆನ್ನು ಬಗ್ಗಿಸಿಕೊಂಡು, ಮೂಗಿನಲ್ಲಿ ನಿಧಾನವಾಗಿ ರಾಗ ಎಳೆಯುತ್ತಾ, "ಏನು ಬಿಟ್ಟು ಬರ್ತೀರಿ? ಬೇಗ ಹೇಳಿ, ಹೊಳೆ ನಿಮ್ಮ ಸಲುವಾಗಿ ನಿಂತ್ಕೊಳಲ್ಲ" ಎಂದ. ಆ ದನಿಯಲ್ಲಿ ಗಂಡನದು ಚೂರೂ ಇರಲಿಲ್ಲ. ಗದರಿಕೆ ಇಲ್ಲ, ಗೊಗ್ಗರು ಇಲ್ಲ. ಬಂದದ್ದೇ ತಪ್ಪಾಯಿತೇನೋ ಎಂದು ಆಕೆಗೆ ಅನ್ನಿಸಿತು.

ಕ್ಷೌರಿಕ ಹಳೇ ಚಪ್ಪಲಿ ಬಿಟ್ಟ. ಹೆಂಡತಿ ಒಣಗಿದ ರೊಟ್ಟಿ ಬಿಟ್ಟಳು. "ಅಕ್ಕ, ಬೇಡದ್ದನ್ನ ಬಿಟ್ರೂ ನಡೆಯುತ್ತೆ, ಅಜ್ಜ ಕೇಳಲ್ಲ" ಎಂದು ಪಿಸುಗುಟ್ಟಿದಳು.

"ನಿಯಮದಲ್ಲಿ ನಡೆಯುತ್ತೆ. ಬರೆದವರಿಗೆ ಅದು ಇಷ್ಟ ಇರಲಿಲ್ಲ" ಎಂದು ಲೈಸೆನ್ಸಕ್ಕ ಲಾಟೀನಿನ ಮೇಲೆ ಗೆರೆ ಎಳೆದಳು.

ಆಚೆ ದಡದಲ್ಲಿ ಕತ್ತಲು, ಕಾಡು, ಜ್ವರ ಬಂದ ಒಂದು ಊರು. ಲಾಟೀನಿಲ್ಲದೆ ವೈದ್ಯೆ ತಡಕಾಡಿದಳು, ಎಡವಿದಳು. ದಾಳವೂ ಕೈಕೊಟ್ಟಿತು. ಹೇಗೋ ಊರನ್ನು ಉಳಿಸಿಕೊಂಡು ಅದೇ ದಾರಿಯಲ್ಲಿ ವಾಪಸು ಬಂದರು. ಅಷ್ಟರಲ್ಲಿ ಆಟದಲ್ಲಿ ಮುಳುಗಿಹೋಗಿದ್ದ ಆಕೆಗೆ ಗುಡಿಸಲಿನ ನೆನಪೇ ಇರಲಿಲ್ಲ.

ದೋಣಿ ಈಚೆ ದಡ ಮುಟ್ಟಿತು. ಮೆಕ್ಯಾನಿಕ್ಕು ಕುರ್ಚಿಯಿಂದ ಎದ್ದ. ಒಳಗೆ ಹೋಗಿ ಏನನ್ನೋ ಹುಡುಕಿ ತಂದವನ ಹಾಗೆ ಎರಡೂ ಕೈ ಮುಂದೆ ಹಿಡಿದು ಆಕೆಯ ಎದುರು ನಿಂತ.

"ಇದು ನಿಂದಲ್ವೇನವ್ವ? ಒರೆಸಿ ಇಟ್ಟಿದೀನಿ. ಎಣ್ಣೆ ಮಾತ್ರ ನೀನೇ ಹಾಕ್ಕೋಬೇಕು."

ಲೈಸೆನ್ಸಕ್ಕ ಆ ಖಾಲಿ ಕೈಗಳನ್ನೇ ನೋಡುತ್ತಾ ಕೂತಳು. ಕಣ್ಣು ತುಂಬಿ ಬಂತು, ಮರೆಮಾಚಲು ಹೋಗಲಿಲ್ಲ. ದನಿ ಆತನದಲ್ಲ, ಮಾತೂ ಆತನದಲ್ಲ. ಆದರೆ ಇಷ್ಟು ವರ್ಷ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಾದಿದ್ದಕ್ಕೆ ಸಿಗದೇ ಇದ್ದದ್ದು, ಬಿಟ್ಟು ಬಂದ ಮೇಲೆ ಹೀಗೆ ಕೈಗೆ ಬಂದಿತ್ತು. ಆತ ಇದ್ದಿದ್ದರೆ ಟವೆಲು ಬಿಚ್ಚಿ ಎಸೆದು ಹೊಟ್ಟೆತುಂಬ ನಗುತ್ತಿದ್ದ, ಇದು ನನಗ್ಯಾಕೆ ಹೊಳೀಲಿಲ್ಲ ಎನ್ನುತ್ತಿದ್ದ.

"ಅಕ್ಕ, ದಾಳ ನಿಮ್ಮದು" ಎಂದ ಕ್ಷೌರಿಕ.

"ತಡೀರಿ, ಬರ್ಕೋತಾ ಇದೀನಿ" ಎಂದು ಆಕೆ ಹಾಳೆಯನ್ನು ಹತ್ತಿರ ಎಳೆದುಕೊಂಡು, ಗೆರೆ ಹೊಡೆದಿದ್ದ ಲಾಟೀನಿನ ಕೆಳಗೆ ಮತ್ತೊಮ್ಮೆ ಲಾಟೀನು ಎಂದು ಬರೆದಳು.